ಕೂರಿಸಿದ ಮಾತು, ಕಟ್ಟಿದ ಮಾತು: ಇಂಗ್ಲಿಷಿನ ‘ಸೆಟ್’ ಪದದ ಅರ್ಥವಿಸ್ತಾರ

1989ರಲ್ಲಿ 20 ಸಂಪುಟಗಳಲ್ಲಿ ಹೊರಬಂದ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಎರಡನೆಯ ಆವೃತ್ತಿಯಲ್ಲಿ ಎಲ್ಲಕ್ಕಿಂತ ಉದ್ದದ ನಮೂದು ಯಾವ ವಿಜ್ಞಾನದ ಪಾರಿಭಾಷಿಕ ಪದದ್ದೂ ಅಲ್ಲ. ರೋಮನ್ ಲಿಪಿಯ ಮೂರೇ ಅಕ್ಷರದ ‘ಸೆಟ್’ ಎಂಬ ಕ್ರಿಯಾಪದದ್ದು. ಬರಿಯ ಕ್ರಿಯಾಪದಕ್ಕೇ ಅಲ್ಲಿ ಸುಮಾರು 430 ಅರ್ಥಗಳಿವೆ. ಅಪ್, ಆಫ್, ಔಟ್, ಇನ್ ಮೊದಲಾದ ಚಿಕ್ಕ ಪದಗಳ ಜೊತೆ ಕೂಡಿದಾಗ ಹುಟ್ಟುವ ಅರ್ಥಗಳನ್ನೂ ನುಡಿಗಟ್ಟುಗಳನ್ನೂ ಸೇರಿಸಿದರೆ ಎಣಿಕೆ 580ರ ಹತ್ತಿರ ಹೋಗುತ್ತದೆ. ಇದನ್ನೆಲ್ಲ ವಿವರಿಸಲು ನಿಘಂಟುಕಾರರು ಬಳಸಿದ್ದು ಸುಮಾರು 60,000 ಪದ. ಅಷ್ಟರಲ್ಲಿ ಒಂದು ಕಾದಂಬರಿಯನ್ನೇ ಬರೆಯಬಹುದು.

ಈ ದಾಖಲೆ ಈಗ ‘ಸೆಟ್’ ಪದದ ಕೈಯಲ್ಲಿಲ್ಲ. ಮೂರನೆಯ ಆವೃತ್ತಿಗಾಗಿ ನಮೂದುಗಳನ್ನು ಒಂದೊಂದಾಗಿ ಪರಿಷ್ಕರಿಸುತ್ತ ಹೋದಂತೆ 2000ದಲ್ಲಿ ‘ಮೇಕ್’, 2007ರಲ್ಲಿ ‘ಪುಟ್’, 2011ರಲ್ಲಿ ‘ರನ್’ ಮುಂದೆ ಬಂದವು. ‘ರನ್’ ಕ್ರಿಯಾಪದಕ್ಕೆ 645 ಅರ್ಥಗಳನ್ನು ಎಣಿಸಲಾಯಿತು. ಪತ್ರಿಕೆಗಳು ಇದನ್ನು ಓಟದ ಸ್ಪರ್ಧೆಯಂತೆ ವರದಿ ಮಾಡಿದವು, ‘ರನ್’ ಗೆದ್ದದ್ದು ಸಹಜವೇ ಎಂದು ನಕ್ಕವೂ ಇದ್ದವು. ಆದರೆ ಪರಿಷ್ಕರಣೆಗೆ ಸಿಕ್ಕ ಪದ ಉಬ್ಬುತ್ತದೆ, ಸಿಗದ ಪದ ಹಳೆಯ ಅಳತೆಯಲ್ಲೇ ಉಳಿಯುತ್ತದೆ. ಹೀಗಿರುವಾಗ ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವುದು ನ್ಯಾಯವಲ್ಲ. ಎಣಿಕೆಯ ಬಗ್ಗೆ ನನಗೆ ಇನ್ನೂ ಮೂಲಭೂತವಾದ ತಕರಾರಿದೆ, ಅದನ್ನು ಮುಂದೆ ಹೇಳುತ್ತೇನೆ.

ಇಂಥ ಪದಗಳ ಕಾಟ ಹೊಸದಲ್ಲ. 1755ರಲ್ಲಿ ತನ್ನ ಇಂಗ್ಲಿಷ್ ನಿಘಂಟನ್ನು ಪ್ರಕಟಿಸಿದ ಸ್ಯಾಮ್ಯುಯೆಲ್ ಜಾನ್ಸನ್ ಅದರ ಮುನ್ನುಡಿಯಲ್ಲಿ ತನ್ನನ್ನು ದಣಿಸಿದ ಕ್ರಿಯಾಪದಗಳ ಒಂದು ಪಟ್ಟಿಯನ್ನೇ ಕೊಟ್ಟಿದ್ದಾನೆ. ಅವುಗಳ ಅರ್ಥ ಎಷ್ಟು ಸಡಿಲ, ಬಳಕೆ ಎಷ್ಟು ಅಸ್ಪಷ್ಟವೆಂದರೆ ಅವನ್ನು ಹಿಡಿದು ನಿಲ್ಲಿಸುವುದೇ ಕಷ್ಟ ಎಂಬುದು ಅವನ ಅಳಲು. ಆ ಪಟ್ಟಿಯಲ್ಲಿ ‘ಸೆಟ್’ ಇದೆ, ‘ಪುಟ್’ ಇದೆ, ‘ರನ್’ ಮತ್ತು ‘ಮೇಕ್’ ಕೂಡ ಇವೆ. ಇನ್ನೂರೈವತ್ತು ವರ್ಷಗಳ ನಂತರ ದಾಖಲೆ ಮುರಿಯಲಿರುವ ನಾಲ್ಕು ಪದಗಳನ್ನೂ ಆತ ಬೆರಳಿಟ್ಟು ತೋರಿಸಿದ್ದ.

ಈ ಲೇಖನ ಕೇಳುವ ಪ್ರಶ್ನೆ ‘ಸೆಟ್’ ಪದಕ್ಕೆ ಎಷ್ಟು ಅರ್ಥ ಎಂಬುದಲ್ಲ. ಒಂದು ಸಾಧಾರಣ ಕ್ರಿಯಾಪದ ಇಷ್ಟು ಹಿಗ್ಗಲು ಕಾರಣವೇನು, ಅಂಥ ಹಿಗ್ಗುವಿಕೆ ಕನ್ನಡದಲ್ಲಿ ಯಾವ ಪದಕ್ಕೆ ಒದಗಿದೆ, ಯಾವುದಕ್ಕೆ ಒದಗಿಲ್ಲ ಎಂಬುದು. ಕನ್ನಡವನ್ನು ಪಕ್ಕದಲ್ಲಿಟ್ಟು ನೋಡಿದಾಗ ಇಂಗ್ಲಿಷಿನೊಳಗೆ ನಿಂತವರಿಗೆ ಸುಲಭವಾಗಿ ಕಾಣದ ಒಂದು ಸಂಗತಿ ಕಾಣುತ್ತದೆ ಎಂಬುದು ನನ್ನ ವಾದ.

ಕುಳಿತುಕೊಳ್ಳುವುದರಿಂದ ಕೂರಿಸುವುದಕ್ಕೆ

‘ಸೆಟ್’ ಪದದ ಹಳೆಯ ಇಂಗ್ಲಿಷ್ ರೂಪ ‘ಸೆಟ್ಟನ್’. ಅದು ‘ಸಿಟ್ಟನ್’, ಅಂದರೆ ಕುಳಿತುಕೊಳ್ಳು ಎಂಬ ಕ್ರಿಯಾಪದದ ಪ್ರೇರಣಾರ್ಥಕ ರೂಪ. ಧಾತುವಿನ ಸ್ವರವನ್ನು ಬದಲಿಸಿ ಪ್ರೇರಣೆಯನ್ನು ಸೂಚಿಸುವುದು ಹಳೆಯ ಜರ್ಮಾನಿಕ್ ಭಾಷೆಗಳ ಪದ್ಧತಿ. ಇಂಗ್ಲಿಷಿನಲ್ಲಿ ಅದರ ಪಳೆಯುಳಿಕೆಗಳು ಇನ್ನೂ ಇವೆ: ಬೀಳು ಎಂಬ ‘ಫಾಲ್’, ಮರ ಉರುಳಿಸು ಎಂಬ ‘ಫೆಲ್’; ಮಲಗು ಎಂಬ ‘ಲೈ’, ಮಲಗಿಸು ಎಂಬ ‘ಲೇ’; ಕುಡಿ ಎಂಬ ‘ಡ್ರಿಂಕ್’, ತೋಯಿಸು ಎಂಬ ‘ಡ್ರೆಂಚ್’. ಕೊನೆಯ ಜೋಡಿಯಲ್ಲಿ ಕುಡಿಸು ಎಂಬ ಅರ್ಥ ತೋಯಿಸು ಎಂದಾಗಿ, ತಾಯಿ ಮಗುವಿನ ಗುರುತೇ ಸಿಗದಂತಾಗಿದೆ. ‘ಸಿಟ್’ ಮತ್ತು ‘ಸೆಟ್’ ಇನ್ನೂ ಸ್ವಲ್ಪ ಹೋಲುತ್ತವೆ. ಆದರೂ ಇಂದಿನ ಇಂಗ್ಲಿಷ್ ಭಾಷಿಕನೊಬ್ಬ ಅಲಾರಂ ಸೆಟ್ ಮಾಡುವಾಗ ಅದನ್ನು ಕೂರಿಸುತ್ತಿದ್ದೇನೆ ಎಂದುಕೊಳ್ಳುವುದಿಲ್ಲ.

ಇನ್ನೂ ಹಿಂದಕ್ಕೆ ಹೋದರೆ ಸಿಗುವುದು ಇಂಡೋ-ಯುರೋಪಿಯನ್ ಮೂಲದ ‘ಸೆದ್’ ಧಾತು. ಸಂಸ್ಕೃತದ ‘ಸದ್’ ಅದರದೇ ರೂಪ. ಸಂಸ್ಕೃತದಿಂದ ಕನ್ನಡಕ್ಕೆ ಬಂದ ಎಷ್ಟೊಂದು ಪದಗಳು ಈ ಸಂಸಾರಕ್ಕೆ ಸೇರಿದವು: ಸದನ, ಸದಸ್ಯ, ಸಂಸತ್ತು, ಪರಿಷತ್ತು, ಉಪನಿಷತ್ತು. ಸುತ್ತ ಕುಳಿತವರದು ಪರಿಷತ್ತು, ಒಟ್ಟಿಗೆ ಕುಳಿತವರದು ಸಂಸತ್ತು. ಕೆಳಗೆ ಕುಳಿತು ಇರುವ ಜಾಗ ‘ನೀಡ’, ಅಂದರೆ ಹಕ್ಕಿಯ ಗೂಡು. ಇಂಗ್ಲಿಷಿನ ‘ನೆಸ್ಟ್’ ಕೂಡ ಅದೇ ಪದ. 1915ರಲ್ಲಿ ಸ್ಥಾಪನೆಯಾದ ಕನ್ನಡ ಸಾಹಿತ್ಯ ಪರಿಷತ್ತಿನ ಹೆಸರಿನ ಕೊನೆಯ ಪದಕ್ಕೂ ನಮ್ಮ ಸೆಟ್ ದೋಸೆಯ ಮೊದಲ ಪದಕ್ಕೂ ರಕ್ತಸಂಬಂಧ ಇರಬಹುದೇ ಎಂದು ಯಾರಾದರೂ ಕೇಳಿದರೆ, ಅರ್ಧ ಹೌದು, ಅರ್ಧ ಅಲ್ಲ ಎನ್ನಬೇಕಾಗುತ್ತದೆ. ಏಕೆ ಅರ್ಧ ಎಂಬುದು ಮುಂದಿನ ಭಾಗದಲ್ಲಿ ತಿಳಿಯುತ್ತದೆ.

‘ಸದ್’ ಧಾತುವಿಗೆ ಧಾತುಪಾಠ ಮೂರು ಅರ್ಥ ಕೊಡುತ್ತದೆ: ವಿಶರಣ, ಗತಿ, ಅವಸಾದನ. ಬಿಡಿಬಿಡಿಯಾಗುವುದು, ಹೋಗುವುದು, ಕುಸಿಯುವುದು. ಕುಳಿತುಕೊಳ್ಳುವುದು ಎಂಬ ಸರಳ ಅರ್ಥ ಅಲ್ಲಿ ನೇರವಾಗಿ ಹೆಸರಿಸಲ್ಪಟ್ಟಿಲ್ಲ ಎಂಬುದು ಗಮನಿಸಬೇಕಾದ ವಿಷಯ. ಉಪಸರ್ಗಗಳು ಸೇರಿದಾಗ ಇದೇ ಧಾತು ವಿಷಾದವಾಗುತ್ತದೆ, ಪ್ರಸಾದವಾಗುತ್ತದೆ. ಮನಸ್ಸು ಕುಸಿದು ಕುಳಿತರೆ ವಿಷಾದ. ಕೆಸರು ತಳಕ್ಕೆ ಕೂತು ನೀರು ತಿಳಿಯಾದರೆ ಪ್ರಸನ್ನ. ಇಂಗ್ಲಿಷಿನಲ್ಲಿ ಅಪ್, ಆಫ್, ಡೌನ್ ಎಂಬ ಚಿಕ್ಕ ಪದಗಳು ಕ್ರಿಯಾಪದದ ಹಿಂದೆ ನಿಂತು ಮಾಡುವ ಕೆಲಸವನ್ನು ಸಂಸ್ಕೃತದಲ್ಲಿ ವಿ, ಪ್ರ, ಅವ, ಆ ಎಂಬ ಉಪಸರ್ಗಗಳು ಮುಂದೆ ನಿಂತು ಮಾಡುತ್ತವೆ. ಒಂದೇ ಮನೆತನದ ಎರಡು ಕವಲುಗಳು ಒಂದೇ ಉಪಾಯವನ್ನು ತಲೆಕೆಳಗಾಗಿ ಬಳಸಿಕೊಂಡಿವೆ.

ಸೂರ್ಯಾಸ್ತದ ವಿಷಯವೂ ಇಲ್ಲೇ ಬರುತ್ತದೆ. ಇಂಗ್ಲಿಷಿನಲ್ಲಿ ಸೂರ್ಯ ‘ಸೆಟ್’ ಆಗುತ್ತಾನೆ. ಹಳೆಯ ಇಂಗ್ಲಿಷಿನಲ್ಲಿ ಸೂರ್ಯಾಸ್ತಕ್ಕೆ ‘ಸೆಟ್ಲ್‌ಗಂಗ್’ ಎಂಬ ಪದವಿತ್ತು. ಪೀಠಕ್ಕೆ ಹೋಗುವುದು ಎಂದು ಅದರ ಅರ್ಥ. ವೇದದ ಭಾಷೆಯಲ್ಲಿ ‘ಅಸ್ತ’ ಎಂದರೆ ಮನೆ, ಸೂರ್ಯ ಅಸ್ತಕ್ಕೆ ಹೋಗುತ್ತಾನೆ ಎಂದರೆ ಮನೆಗೆ ಹೋಗುತ್ತಾನೆ. ಕನ್ನಡದ ಸೂರ್ಯನಿಗೆ ಪೀಠವೂ ಇಲ್ಲ, ಮನೆಯೂ ಇಲ್ಲ. ಅವನು ಮುಳುಗುತ್ತಾನೆ, ಕಂತುತ್ತಾನೆ. ‘ಸೆಟ್’ ಪದದ ಈ ಅರ್ಥವನ್ನು ಅನುವಾದಿಸುವಾಗ ಕನ್ನಡಿಗನಿಗೆ ತೊಂದರೆಯಾಗುವುದಿಲ್ಲ. ಆದರೆ ಇಂಗ್ಲಿಷ್ ಕಲಿಯುವ ಹುಡುಗನಿಗೆ, ಮೇಜಿನ ಮೇಲೆ ತಟ್ಟೆ ಇಡುವುದಕ್ಕೂ ಸೂರ್ಯ ಮುಳುಗುವುದಕ್ಕೂ ಒಂದೇ ಪದ ಏಕೆ ಎಂಬುದು ಬಗೆಹರಿಯದ ಒಗಟು. ಪೀಠದ ಕತೆ ಗೊತ್ತಾದರೆ ಮಾತ್ರ ಒಗಟು ಬಿಡುತ್ತದೆ.

ಬೇರೆ ಊರಿನಿಂದ ಬಂದ ನಾಮಪದ

ಗುಂಪು, ಒಟ್ಟು ಎಂಬ ಅರ್ಥದ ನಾಮಪದ ‘ಸೆಟ್’, ಕೂರಿಸು ಎಂಬ ಅರ್ಥದ ಕ್ರಿಯಾಪದದಿಂದ ಹುಟ್ಟಿದ್ದಲ್ಲ. ಅದು ಹಳೆಯ ಫ್ರೆಂಚಿನ ‘ಸೆಟ್ಟೆ’ಯ ಮೂಲಕ ಲ್ಯಾಟಿನ್ನಿನ ‘ಸೆಕ್ಟ’ದಿಂದ ಬಂದದ್ದು. ‘ಸೆಕ್ಟ’ ಎಂದರೆ ಅನುಸರಿಸುವವರು, ಒಂದು ಪಂಥ. ಇಂಗ್ಲಿಷಿನ ‘ಸೆಕ್ಟ್’ ಕೂಡ ಅದೇ ಪದದ ಇನ್ನೊಂದು ಮುಖ. ಒಬ್ಬ ಗುರುವಿನ ಹಿಂದೆ ಹೋಗುವ ಜನರ ಗುಂಪಿಗೆ ಇದ್ದ ಹೆಸರು ಕ್ರಮೇಣ ಒಟ್ಟಿಗೆ ಸೇರಬೇಕಾದ ವಸ್ತುಗಳ ಗುಂಪಿಗೂ ಅಂಟಿಕೊಂಡಿತು. ಅಷ್ಟರಲ್ಲಿ ಉಚ್ಚಾರಣೆಯೂ ಕೂರಿಸು ಎಂಬ ‘ಸೆಟ್’ನ ಜೊತೆ ಒಂದಾಗಿತ್ತು. ಒಂದು ಕಡೆ ಜೋಡಿಸಿಟ್ಟ ವಸ್ತುಗಳು ಎಂಬ ಭಾವನೆ ಕ್ರಿಯಾಪದದಿಂದ ಹರಿದು ಬಂದು ನಾಮಪದದಲ್ಲಿ ಬೆರೆಯಿತು. ಈಗ ಎರಡನ್ನೂ ಬೇರ್ಪಡಿಸುವುದು ಹಾಲಿನಿಂದ ನೀರು ತೆಗೆದಂತೆ. ಪರಿಷತ್ತು ಮತ್ತು ಸೆಟ್ ದೋಸೆಯ ಸಂಬಂಧ ಅರ್ಧ ಎಂದದ್ದು ಇದಕ್ಕೆ: ದೋಸೆಯ ಸೆಟ್ಟಿಗೆ ಹೆತ್ತ ತಾಯಿ ಲ್ಯಾಟಿನ್ನಿನ ಪಂಥ, ಸಾಕಿದ ತಾಯಿ ಮಾತ್ರ ಪರಿಷತ್ತಿನ ಬಳಗದವಳು.

ಗಣಿತದ ‘ಸೆಟ್’ ಈ ನಾಮಪದದ ಅತ್ಯಂತ ಕಟ್ಟುನಿಟ್ಟಿನ ಅವತಾರ. ಅಲ್ಲಿಗೂ ಅದು ಸಲೀಸಾಗಿ ಬರಲಿಲ್ಲ. ಗಿಯೋರ್ಗ್ ಕ್ಯಾಂಟರ್ ಜರ್ಮನ್ನಿನಲ್ಲಿ ಬಳಸಿದ ಪದ ‘ಮೆಂಗೆ’. 1915ರಲ್ಲಿ ಫಿಲಿಪ್ ಜೋರ್ಡೇನ್ ಅವನ ಬರಹಗಳನ್ನು ಇಂಗ್ಲಿಷಿಗೆ ತಂದಾಗ ಅದನ್ನು ‘ಅಗ್ರಿಗೇಟ್’ ಎಂದ. ಬರ್ಟ್ರಂಡ್ ರಸೆಲ್‌ಗೆ ‘ಕ್ಲಾಸ್’ ಪ್ರಿಯವಾಗಿತ್ತು. ಕೊನೆಗೆ ಗೆದ್ದದ್ದು ಪುಟ್ಟ ‘ಸೆಟ್’. ಕನ್ನಡದ ಪಠ್ಯಪುಸ್ತಕಗಳು ಇದನ್ನು ‘ಗಣ’ ಎಂದು ಕರೆದಿವೆ. ಅದು ಒಳ್ಳೆಯ ಆಯ್ಕೆ ಎಂದೇ ನನ್ನ ಅಭಿಪ್ರಾಯ. ಶಿವನ ಗಣ, ಛಂದಸ್ಸಿನ ಗಣ, ಜಾತಕದ ದೇವಗಣ ರಾಕ್ಷಸಗಣ, ಎಲ್ಲದರಲ್ಲೂ ಯಾರು ಒಳಗೆ ಯಾರು ಹೊರಗೆ ಎಂಬುದು ನಿಖರವಾಗಿ ಗೊತ್ತಿರುತ್ತದೆ. ಗಣಿತದ ಗಣಕ್ಕೂ ಬೇಕಾದ್ದು ಅದೇ.

ಎಣಿಕೆಯ ತಕರಾರು

ಈಗ ಕ್ರಿಯಾಪದಕ್ಕೆ ಮರಳೋಣ. ಊಟದ ಮೇಜು, ಗಡಿಯಾರ, ಇಲಿಬೋನು, ಮುರಿದ ಮೂಳೆ, ಉಂಗುರದ ಹರಳು, ಮದುವೆಯ ದಿನ, ಪರೀಕ್ಷೆಯ ಪ್ರಶ್ನೆಪತ್ರಿಕೆ, ಮುದ್ರಣಾಲಯದ ಅಚ್ಚುಮೊಳೆ, ಹಾಯಿಹಡಗಿನ ಹಾಯಿ: ಇವೆಲ್ಲಕ್ಕೂ ಇಂಗ್ಲಿಷ್ ‘ಸೆಟ್’ ಎನ್ನುತ್ತದೆ. ಕನ್ನಡದಲ್ಲಿ ಎಲೆ ಹಾಕುತ್ತೇವೆ, ಅಲಾರಂ ಇಡುತ್ತೇವೆ, ಬೋನು ಒಡ್ಡುತ್ತೇವೆ, ಮೂಳೆ ಕೂಡಿಸುತ್ತೇವೆ, ಹರಳು ಕೂರಿಸುತ್ತೇವೆ, ದಿನ ಗೊತ್ತುಮಾಡುತ್ತೇವೆ, ಪತ್ರಿಕೆ ತಯಾರಿಸುತ್ತೇವೆ, ಮೊಳೆ ಜೋಡಿಸುತ್ತೇವೆ, ಹಾಯಿ ಬಿಚ್ಚುತ್ತೇವೆ. ಕನ್ನಡದ ಕಣ್ಣಿನಿಂದ ನೋಡಿದರೆ ಇಲ್ಲಿ ಒಂಬತ್ತು ಅರ್ಥಗಳು. ಆದರೆ ಇಂಗ್ಲಿಷಿನವನ ಅನುಭವದಲ್ಲಿ ಒಂಬತ್ತು ಇದೆಯೇ? ಅವನ ಮನಸ್ಸಿನಲ್ಲಿರುವುದು ಬಹುಶಃ ಒಂದೇ: ಒಂದು ವಸ್ತುವನ್ನು ಅದು ಇರಬೇಕಾದ ಜಾಗದಲ್ಲಿ, ಇರಬೇಕಾದ ಸ್ಥಿತಿಯಲ್ಲಿ ನೆಲೆಗೊಳಿಸುವುದು. ಮೇಜಿಗೆ ಇರಬೇಕಾದ ಸ್ಥಿತಿ ಒಂದು, ಇಲಿಬೋನಿಗೆ ಇನ್ನೊಂದು. ಆ ವ್ಯತ್ಯಾಸ ಇರುವುದು ಮೇಜಿನಲ್ಲಿ, ಬೋನಿನಲ್ಲಿ. ಕ್ರಿಯಾಪದದಲ್ಲಿ ಅಲ್ಲ.

ನಿಘಂಟುಕಾರ ಅರ್ಥಗಳನ್ನು ಎಣಿಸುವಾಗ ಹಲವು ಸಲ ಎಣಿಸುತ್ತಿರುವುದು ಆ ಪದದ ನೆರೆಹೊರೆಯನ್ನು. ನನ್ನ ತಕರಾರು ಇಷ್ಟೇ. ಅರ್ಥಗಳನ್ನು ಕೂಡಿಸುವ ಸ್ವಭಾವದವರ ಕೈಯಲ್ಲಿ 430 ಎಂಬುದು 40ಕ್ಕೆ ಇಳಿಯಬಹುದು. ಒಡೆಯುವ ಸ್ವಭಾವದವರ ಕೈಯಲ್ಲಿ ಸಾವಿರಕ್ಕೆ ಏರಬಹುದು. ಹಾಗೆಂದು ಎಲ್ಲವೂ ಒಂದೇ ಅರ್ಥ ಎಂದು ಹಟ ಹಿಡಿಯುವುದೂ ತಪ್ಪು. ನ್ಯಾಯಾಲಯದ ಭಾಷೆಯನ್ನು ನೋಡಿದರೆ ಸಾಕು.

‘ಸೆಟ್ ಅಸೈಡ್’ ಎಂಬ ಪ್ರಯೋಗಕ್ಕೆ ಸಾಮಾನ್ಯ ಇಂಗ್ಲಿಷಿನಲ್ಲಿ ಬದಿಗಿಡು, ತೆಗೆದಿಡು, ಮೀಸಲಿಡು ಎಂಬ ಅರ್ಥ. ಸಂಬಳದಲ್ಲಿ ಇಷ್ಟನ್ನು ಮಕ್ಕಳ ಓದಿಗೆಂದು ಎತ್ತಿಟ್ಟರೆ ಅದು ‘ಸೆಟ್ ಅಸೈಡ್’. ಆದರೆ ಮೇಲಿನ ನ್ಯಾಯಾಲಯ ಕೆಳಗಿನ ನ್ಯಾಯಾಲಯದ ತೀರ್ಪನ್ನು ‘ಸೆಟ್ ಅಸೈಡ್’ ಮಾಡಿದರೆ ಆ ತೀರ್ಪು ಸತ್ತಂತೆ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 9ನೆಯ ಆದೇಶದ 13ನೆಯ ನಿಯಮ ಏಕಪಕ್ಷೀಯ ಡಿಕ್ರಿಯನ್ನು ಹೀಗೆ ರದ್ದುಪಡಿಸುವ ಬಗ್ಗೆಯೇ ಇದೆ. ಒಂದು ಕಡೆ ಉಳಿಸಿಕೊಳ್ಳುವುದಕ್ಕಾಗಿ ತೆಗೆದಿಡುವುದು, ಇನ್ನೊಂದು ಕಡೆ ಇಲ್ಲವಾಗಿಸುವುದು. ಆತುರದಲ್ಲಿ ಅನುವಾದಿಸಿದ ವರದಿಗಳಲ್ಲಿ ತೀರ್ಪನ್ನು ‘ಬದಿಗಿರಿಸಿದ’ ನ್ಯಾಯಾಲಯಗಳು ಈಗಲೂ ಕಾಣಸಿಗುತ್ತವೆ. ಓದಿದವನಿಗೆ ವಿಚಾರಣೆ ಮುಂದಕ್ಕೆ ಹೋಗಿದೆ ಎಂದೇ ಅನಿಸುತ್ತದೆ. ಇಲ್ಲಿ ಅರ್ಥ ನಿಜವಾಗಿ ಎರಡಾಗಿದೆ, ನೆರೆಹೊರೆಯ ನೆಪ ಹೇಳಿ ತಪ್ಪಿಸಿಕೊಳ್ಳಲಾಗದು.

‘ಸೆಟ್ ಆಫ್’ ಇನ್ನೂ ಗೋಜಲಿನದು. ಪ್ರಯಾಣ ಹೊರಡುವುದು, ಪಟಾಕಿ ಸಿಡಿಸುವುದು, ಕಪ್ಪು ಹಿನ್ನೆಲೆಯಲ್ಲಿ ಬಿಳಿ ಬಣ್ಣ ಎದ್ದು ಕಾಣುವಂತೆ ಮಾಡುವುದು, ಸಾಲಕ್ಕೆ ಪ್ರತಿಸಾಲವನ್ನು ವಜಾ ಹಾಕುವುದು ಎಲ್ಲವೂ ಅದೇ. ಕೊನೆಯ ಅರ್ಥ ನಮ್ಮ ಕ್ರಿಮಿನಲ್ ನ್ಯಾಯಾಲಯಗಳಲ್ಲಿ ದಿನದ ಮಾತು. 2024ರವರೆಗೆ ಜಾರಿಯಲ್ಲಿದ್ದ 1973ರ ದಂಡ ಪ್ರಕ್ರಿಯಾ ಸಂಹಿತೆಯ 428ನೆಯ ಕಲಮಿನಂತೆ ಆರೋಪಿ ವಿಚಾರಣೆಯ ಕಾಲದಲ್ಲಿ ಸೆರೆಯಲ್ಲಿದ್ದ ದಿನಗಳನ್ನು ಶಿಕ್ಷೆಯ ಅವಧಿಯಿಂದ ಕಳೆಯಬೇಕಿತ್ತು. ಕನ್ನಡದಲ್ಲಿ ಬರೆದ ತೀರ್ಪುಗಳಲ್ಲೂ ‘ಸೆಟ್ ಆಫ್’ ಎಂಬ ಪದವನ್ನೇ ಕನ್ನಡ ಲಿಪಿಯಲ್ಲಿ ಉಳಿಸಿಕೊಳ್ಳುವುದುಂಟು. ಹಾಗೆ ಉಳಿಸಿದವರನ್ನು ಸೋಮಾರಿಗಳೆನ್ನಲಾರೆ. ‘ವಜಾ’ ಎಂದು ಬರೆದರೆ ಅರ್ಜಿ ವಜಾ ಆದಂತೆ ತೋರುವ ಅಪಾಯ ನ್ಯಾಯಾಲಯದ ಕನ್ನಡದಲ್ಲಿ ನಿಜವಾಗಿಯೂ ಇದೆ.

ಕೂರಿಸು ಏಕೆ ಬೆಳೆಯಲಿಲ್ಲ, ಕಟ್ಟು ಏಕೆ ಬೆಳೆಯಿತು

ಕನ್ನಡದಲ್ಲಿ ‘ಸೆಟ್’ ಪದಕ್ಕೆ ರಚನೆಯಲ್ಲಿ ಸರಿಸಾಟಿಯಾದದ್ದು ‘ಕೂರಿಸು’. ಕೂರು ಧಾತುವಿಗೆ ‘ಇಸು’ ಸೇರಿ ಆದ ಪ್ರೇರಣಾರ್ಥಕ ಅದು. ಕೂರಿಸು ಕೂಡ ‘ಸೆಟ್’ ನಡೆದ ದಾರಿಯಲ್ಲಿ ನಾಲ್ಕು ಹೆಜ್ಜೆ ಹೋಗಿದೆ. ಭಾದ್ರಪದದಲ್ಲಿ ಗಣಪತಿ ಕೂರಿಸುತ್ತೇವೆ, ನವರಾತ್ರಿಯಲ್ಲಿ ಗೊಂಬೆ ಕೂರಿಸುತ್ತೇವೆ. ಅಕ್ಕಸಾಲಿಗ ಹರಳು ಕೂರಿಸುತ್ತಾನೆ, ಬಡಗಿ ಕಿಟಕಿಯ ಚೌಕಟ್ಟು ಕೂರಿಸುತ್ತಾನೆ. ಅಲ್ಲಿಗೆ ನಿಂತಿತು. ದಿನ ಕೂರಿಸುವುದಿಲ್ಲ, ಬೆಲೆ ಕೂರಿಸುವುದಿಲ್ಲ, ಬೆಂಕಿ ಕೂರಿಸುವುದಂತೂ ಇಲ್ಲ.

ಕಾರಣ ‘ಇಸು’ ಎಂದು ನನಗೆ ತೋರುತ್ತದೆ. ಹದಿಮೂರನೆಯ ಶತಮಾನದ ಕೇಶಿರಾಜನಿಂದ ಹಿಡಿದು ನಮ್ಮ ವ್ಯಾಕರಣಕಾರರೆಲ್ಲ ಚರ್ಚಿಸಿರುವ ಈ ಪ್ರತ್ಯಯ ಇಂದಿಗೂ ಜೀವಂತ. ಕೂರಿಸು ಎಂದ ಕೂಡಲೇ ಕಿವಿಗೆ ‘ಕೂರು’ ಕೇಳುತ್ತದೆ, ಕೂರುವುದು ಯಾವುದು, ಕೂರಿಸುವವರು ಯಾರು ಎಂಬ ಪ್ರಶ್ನೆ ಹುಟ್ಟುತ್ತದೆ. ತಳವೂರಿ ಕೂರಲಾರದ ವಸ್ತುವಿಗೆ ಆ ಪದ ಒಗ್ಗುವುದಿಲ್ಲ. ಇಂಗ್ಲಿಷಿನಲ್ಲಿ ಆದದ್ದು ಇದರ ವಿರುದ್ಧ. ಸ್ವರವನ್ನು ಬದಲಿಸಿ ಪ್ರೇರಣೆ ಸೂಚಿಸುವ ಪದ್ಧತಿ ಅಲ್ಲಿ ಸತ್ತುಹೋಯಿತು. ವಿಭಕ್ತಿ, ಕಾಲಪ್ರತ್ಯಯಗಳೂ ಸವೆದವು. ‘ಸೆಟ್’ ಎಂಬುದು ವರ್ತಮಾನಕ್ಕೂ ಭೂತಕ್ಕೂ ಕೃದಂತಕ್ಕೂ ಒಂದೇ ರೂಪವಾಗಿ ಉಳಿಯಿತು. ತನ್ನ ಹುಟ್ಟನ್ನು ಮರೆತ ಪದ ಎಲ್ಲಿಗೆ ಬೇಕಾದರೂ ಹೋಗಬಹುದು.

ಅದು ಮರೆತ ಸಂಗತಿಗಳಲ್ಲಿ ಮುಖ್ಯವಾದದ್ದು ತಾನು ಸಕರ್ಮಕ ಎಂಬುದು. ಮೊದಲು ‘ಸೆಟ್’ ಮಾಡಲು ಒಬ್ಬ ಕರ್ತೃ ಬೇಕಿತ್ತು, ಒಂದು ಕರ್ಮ ಬೇಕಿತ್ತು. ತನ್ನನ್ನು ತಾನು ಕೂರಿಸಿಕೊಳ್ಳು ಎಂಬ ಆತ್ಮಾರ್ಥಕ ಪ್ರಯೋಗದಲ್ಲಿ ‘ತನ್ನನ್ನು’ ಎಂಬುದು ಬಿದ್ದುಹೋಗಿ, ‘ಸಿಟ್’ ಜೊತೆಗಿನ ಗೊಂದಲವೂ ಸೇರಿ, ಅದು ಅಕರ್ಮಕವೂ ಆಯಿತು. ಸೂರ್ಯ ಸೆಟ್ ಆಗುತ್ತಾನೆ, ಜೆಲ್ಲಿ ಸೆಟ್ ಆಗುತ್ತದೆ, ಸಿಮೆಂಟ್ ಸೆಟ್ ಆಗುತ್ತದೆ, ಹೂವು ಉದುರಿದ ಮೇಲೆ ಕಾಯಿ ಸೆಟ್ ಆಗುತ್ತದೆ. ಮಾಡುವುದು, ಆಗುವುದು ಎರಡಕ್ಕೂ ಒಂದೇ ರೂಪ. ದಾಖಲೆ ಮುರಿದ ‘ರನ್’ ಪದದ ಚರಿತ್ರೆಯೂ ಇಂಥದೇ: ಓಡು ಎಂಬ ಒಂದು ಹಳೆಯ ಕ್ರಿಯಾಪದವೂ ಓಡಿಸು ಎಂಬ ಇನ್ನೊಂದೂ ಕೂಡಿ ಒಂದೇ ಪದವಾದವು. ನೀರೂ ‘ರನ್’ ಆಗುತ್ತದೆ, ಕಂಪನಿಯನ್ನೂ ‘ರನ್’ ಮಾಡುತ್ತಾರೆ. ಆದರೆ ‘ಪುಟ್’ ಮತ್ತು ‘ಮೇಕ್’ ಈ ಅಚ್ಚಿಗೆ ಬರುವುದಿಲ್ಲ, ಅವು ಸಕರ್ಮಕವಾಗಿಯೇ ಉಳಿದು ಬೆಳೆದವು. ಹಾಗಾಗಿ ನನ್ನ ವಾದವನ್ನು ನಿಯಮವೆಂದು ಮಂಡಿಸುತ್ತಿಲ್ಲ. ಪದ ಹಿಗ್ಗುವ ಹಲವು ದಾರಿಗಳಲ್ಲಿ ಇದೊಂದು ಹೆದ್ದಾರಿ ಎಂದಷ್ಟೇ ಹೇಳುತ್ತೇನೆ.

ಈ ಹೆದ್ದಾರಿಯಲ್ಲಿ ನಡೆದ ಕನ್ನಡದ ಪದ ‘ಕಟ್ಟು’. ಅದಕ್ಕೆ ಕುಳಿತುಕೊಳ್ಳುವುದರ ಜೊತೆ ಯಾವ ಸಂಬಂಧವೂ ಇಲ್ಲ. ಹಗ್ಗದಿಂದ ಬಿಗಿ ಎಂಬುದು ಅದರ ಮೂಲಾರ್ಥ. ತಮಿಳು, ತೆಲುಗುಗಳಲ್ಲೂ ಅದೇ ಪದ, ಅದೇ ಅರ್ಥ. ಕನ್ನಡದಲ್ಲಿ ದನ ಕಟ್ಟುತ್ತೇವೆ, ಹೂ ಕಟ್ಟುತ್ತೇವೆ, ಮನೆ ಕಟ್ಟುತ್ತೇವೆ, ಕೆರೆ ಕಟ್ಟುತ್ತೇವೆ, ಸಂಘ ಕಟ್ಟುತ್ತೇವೆ, ಹಾಡು ಕಟ್ಟುತ್ತೇವೆ, ಫೀಸು ಕಟ್ಟುತ್ತೇವೆ, ಬಾಜಿ ಕಟ್ಟುತ್ತೇವೆ, ಬೆಲೆ ಕಟ್ಟುತ್ತೇವೆ, ವೇಷ ಕಟ್ಟುತ್ತೇವೆ. ಇಷ್ಟೂ ಸಕರ್ಮಕ. ಆದರೆ ಮೋಡ ತಾನೇ ಕಟ್ಟುತ್ತದೆ, ಮೂಗು ತಾನೇ ಕಟ್ಟುತ್ತದೆ, ಗಂಟಲು ಕಟ್ಟುತ್ತದೆ, ಹಾಲಿನ ಮೇಲೆ ಕೆನೆ ಕಟ್ಟುತ್ತದೆ, ಹಳೆಯ ರೊಟ್ಟಿಗೆ ಬೂಷ್ಟು ಕಟ್ಟುತ್ತದೆ. ಇಲ್ಲಿ ಕಟ್ಟುವವರು ಯಾರೂ ಇಲ್ಲ. ‘ಸೆಟ್’ ಪದದ ಹಾಗೆಯೇ ಮಾಡುವುದಕ್ಕೂ ಆಗುವುದಕ್ಕೂ ಒಂದೇ ರೂಪದಲ್ಲಿ ಸಲ್ಲುವ ಪದ ಇದು.

ನನ್ನನ್ನು ಬೆರಗುಗೊಳಿಸಿದ್ದು ಈ ಎರಡು ಪದಗಳು ಬಂದು ಸೇರುವ ಜಾಗಗಳು. ಮಾವಿನ ಮರದಲ್ಲಿ ಕಾಯಿ ಕಟ್ಟುವುದನ್ನು ಇಂಗ್ಲಿಷಿನ ತೋಟಗಾರಿಕೆ ‘ಫ್ರೂಟ್ ಸೆಟ್’ ಎನ್ನುತ್ತದೆ. ದ್ರವ ಹೆಪ್ಪುಗಟ್ಟುವುದು ಅಲ್ಲಿ ‘ಸೆಟ್’. ಚಿನ್ನದಲ್ಲಿ ರುದ್ರಾಕ್ಷಿ ಕಟ್ಟಿಸುವುದು ಅಲ್ಲಿ ‘ಸೆಟ್’. ಮೂಳೆ ಮುರಿದವರು ಹೋಗುವುದು ‘ಪುತ್ತೂರು ಕಟ್ಟು’ ಎಂಬ ಫಲಕವಿರುವ ಕಡೆಗೆ. ಇದು ಆಂಧ್ರದ ಪುತ್ತೂರು, ದಕ್ಷಿಣ ಕನ್ನಡದ್ದಲ್ಲ. ಆ ಕಟ್ಟನ್ನು ಹಾಕುವವನಿಗೆ ಇಂಗ್ಲಿಷಿನಲ್ಲಿ ‘ಬೋನ್ ಸೆಟ್ಟರ್’ ಎಂದೇ ಹೆಸರು. ಒಂದು ಭಾಷೆ ಪೀಠದಿಂದ ಹೊರಟಿತು, ಇನ್ನೊಂದು ಹಗ್ಗದಿಂದ. ಹಣ್ಣು, ಮೂಳೆ, ಹರಳು, ಹೆಪ್ಪು, ಈ ನಾಲ್ಕೂ ಕಡೆ ಎರಡೂ ಒಂದನ್ನೊಂದು ಭೇಟಿಯಾದವು. ಚಂಚಲವಾದದ್ದು ಸ್ಥಿರವಾಗುವುದು, ಸಡಿಲವಾದದ್ದು ಬಿಗಿಯಾಗುವುದು ಎಂಬ ಅನುಭವ ಎರಡು ಕಡೆಯೂ ಇದ್ದೇ ಇದೆ. ಕೂರುವುದೂ ಕಟ್ಟುವುದೂ ಅದಕ್ಕೆ ಸಿಕ್ಕ ಎರಡು ಹಿಡಿಕೆಗಳು.

ಇಲ್ಲೊಂದು ಎಚ್ಚರಿಕೆ. ಬಿಗಿಯಾಗು, ನೆಟ್ಟಗಾಗು ಎಂಬ ಅರ್ಥದಲ್ಲಿ ಕನ್ನಡದಲ್ಲಿ ‘ಸೆಟೆ’ ಎಂಬ ಪದವಿದೆ. ಎದೆ ಸೆಟೆಸಿ ನಡೆಯುತ್ತಾರೆ, ಮಾತಿಗೆ ಮಾತು ಬಂದಾಗ ಸೆಟೆದು ನಿಲ್ಲುತ್ತಾರೆ. ಸಿಮೆಂಟ್ ಸೆಟ್ ಆಗುವುದಕ್ಕೂ ಇದಕ್ಕೂ ನಂಟು ಕಲ್ಪಿಸುವ ಆಸೆ ಯಾರಿಗಾದರೂ ಹುಟ್ಟೀತು. ಅದು ಬರಿಯ ಧ್ವನಿಯ ಆಕಸ್ಮಿಕ. ಶೆಟ್ಟರು ಇನ್ನೂ ದೂರದವರು, ಅವರು ‘ಶ್ರೇಷ್ಠಿ’ಯ ಸಂತಾನ.

ಕನ್ನಡದೊಳಗಿನ ಸೆಟ್

ಕನ್ನಡ ‘ಸೆಟ್’ ಪದವನ್ನು ಎರವಲು ಪಡೆದಾಗ ಮೊದಲು ತೆಗೆದುಕೊಂಡದ್ದು ನಾಮಪದವನ್ನು ಎಂದು ನನ್ನ ಊಹೆ. ಟೀ ಸೆಟ್, ಸೋಫಾ ಸೆಟ್, ರೇಡಿಯೊ ಸೆಟ್, ಪೊಲೀಸರ ವೈರ್‌ಲೆಸ್ ಸೆಟ್, ಮದುವೆಗೆ ಕೊಂಡ ಓಲೆ ಸರದ ಸೆಟ್. ನಮ್ಮಲ್ಲಿ ಗುಂಪಿಗೆ ಪದಗಳಿಲ್ಲವೆಂದಲ್ಲ. ಜೊತೆ ಎಂದರೆ ಎರಡು, ಕಟ್ಟು ಎಂದರೆ ಬಿಗಿದದ್ದು, ರಾಶಿ ಎಂದರೆ ಲೆಕ್ಕವಿಲ್ಲದ್ದು. ಬಿಗಿಯದೆಯೂ ಒಟ್ಟಿಗಿರಬೇಕಾದ, ಒಂದು ಕಳೆದರೂ ಉಳಿದವು ಕುಂಟುವ ವಸ್ತುಗಳ ಪೂರ್ತಿ ಗುಂಪಿಗೆ ಮಾತ್ರ ಕನ್ನಡದಲ್ಲಿ ಸುಲಭದ ಪದವಿರಲಿಲ್ಲ. ಒಂದು ಕಪ್ಪು ಒಡೆದರೆ ಸೆಟ್ ಹಾಳಾಯಿತು ಎನ್ನುತ್ತೇವೆ. ಸೊಪ್ಪಿನ ಕಟ್ಟಿನಿಂದ ಎರಡು ಎಸಳು ಉದುರಿದರೆ ಕಟ್ಟಿಗೇನೂ ಆಗುವುದಿಲ್ಲ.

ಪಂಪ್‌ಸೆಟ್ಟಿನ ದಾರಿ ಸ್ವಲ್ಪ ಬೇರೆ. ಮೋಟರು ಮತ್ತು ಪಂಪು ಕೂಡಿದ ಜೋಡಿ ಎಂಬ ಅರ್ಥದಲ್ಲಿ ಬಂದ ಪದ, ಹಳ್ಳಿಯಲ್ಲಿ ಈಗ ಒಂದೇ ಯಂತ್ರದ ಹೆಸರು. ಕರ್ನಾಟಕದಲ್ಲಿ 10 ಅಶ್ವಶಕ್ತಿಯವರೆಗಿನ ಕೃಷಿ ಪಂಪ್‌ಸೆಟ್ಟುಗಳಿಗೆ ಉಚಿತ ವಿದ್ಯುತ್ ಕೊಡುವ ಸರ್ಕಾರದ ಕಾಗದಪತ್ರಗಳಲ್ಲಿ ಅದು ‘ಐಪಿ ಸೆಟ್’. ರಾಜಕೀಯ ಭಾಷಣಗಳಲ್ಲೂ ಬಜೆಟ್ಟಿನ ಚರ್ಚೆಗಳಲ್ಲೂ ಇಷ್ಟು ಓಡಾಡಿದ ‘ಸೆಟ್’ ಇನ್ನೊಂದಿಲ್ಲ.

ಸೆಟ್ ದೋಸೆ ಮಾತ್ರ ಪ್ರತ್ಯೇಕ ಅಧ್ಯಯನಕ್ಕೆ ಅರ್ಹ. ದಪ್ಪಗೆ, ಮೆತ್ತಗೆ, ಅಂಗೈಯಗಲ ಹೊಯ್ದ ದೋಸೆಗಳನ್ನು ಎರಡೋ ಮೂರೋ ಒಂದರ ಮೇಲೊಂದಿಟ್ಟು ಸಾಗು ಚಟ್ನಿಯೊಂದಿಗೆ ಕೊಡುವುದರಿಂದ ಆ ಹೆಸರು. ಆರಂಭದಲ್ಲಿ ‘ಸೆಟ್’ ಎಂಬುದು ಎಣಿಕೆ. ಈಗ ಅದು ಜಾತಿ. ಮನೆಯಲ್ಲಿ ಸೆಟ್ ದೋಸೆಗೆ ಹಿಟ್ಟು ರುಬ್ಬುತ್ತಾರೆ, ಅವಲಕ್ಕಿ ಹಾಕಿದರೆ ಮೆತ್ತಗಾಗುತ್ತದೆ ಎನ್ನುತ್ತಾರೆ. ತಟ್ಟೆಯಲ್ಲಿ ಒಂದೇ ಒಂದು ಉಳಿದಿದ್ದರೂ ಅದು ಸೆಟ್ ದೋಸೆಯೇ. ಗಣಿತದಲ್ಲಿ ಒಂದೇ ಅಂಶವಿರುವ ಗಣಕ್ಕೆ ಯಾರೂ ಆಕ್ಷೇಪಿಸುವುದಿಲ್ಲ, ಹೋಟೆಲಿನವರೂ ಆಕ್ಷೇಪಿಸಬೇಕಾಗಿಲ್ಲ. ಆದರೆ ಭಾಷೆಯ ದೃಷ್ಟಿಯಿಂದ ಇದು ಇಂಗ್ಲಿಷಿನಲ್ಲಿ ಎಲ್ಲೂ ಆಗದ ಬದಲಾವಣೆ: ಗುಂಪಿನ ಹೆಸರು ಗುಣದ ಹೆಸರಾಯಿತು, ‘ಸೆಟ್’ ಎಂದರೆ ಮೆತ್ತನೆಯದು ಎಂದಾಯಿತು.

ಕ್ರಿಯಾಪದವನ್ನು ಎರವಲು ಪಡೆಯುವಾಗ ಆದದ್ದು ಇನ್ನೂ ಕುತೂಹಲದ್ದು. ಕನ್ನಡ ಪರಭಾಷೆಯ ಕ್ರಿಯಾಪದವನ್ನು ಧಾತುವಾಗಿ ನುಂಗುವುದು ಅಪರೂಪ. ಅದನ್ನು ನಾಮಪದದಂತೆ ಕೂರಿಸಿ ಪಕ್ಕದಲ್ಲಿ ‘ಮಾಡು’ ಅಥವಾ ‘ಆಗು’ ಇಡುತ್ತದೆ. ಟೈಮು ಸೆಟ್ ಮಾಡು, ಪೇಪರ್ ಸೆಟ್ ಮಾಡು. ಕಾಂಕ್ರೀಟ್ ಸೆಟ್ ಆಗು, ಮೊಸರು ಸೆಟ್ ಆಗು. ಮಾಡುವುದಕ್ಕೂ ಆಗುವುದಕ್ಕೂ ಇದ್ದ ಗಡಿಯನ್ನು ಅಳಿಸಿಹಾಕಿದ್ದರಿಂದಲೇ ಇಂಗ್ಲಿಷಿನಲ್ಲಿ ‘ಸೆಟ್’ ಹಿಗ್ಗಿತು ಎಂದೆ. ಕನ್ನಡಕ್ಕೆ ಕಾಲಿಟ್ಟ ಕೂಡಲೇ ಆ ಗಡಿಯನ್ನು ಮತ್ತೆ ಹಾಕಲಾಯಿತು. ಸಿನಿಮಾದವರ ‘ಸೆಟ್ ಹಾಕು’ ಇದಕ್ಕೆ ಹೊರತು; ಚಪ್ಪರ ಹಾಕು, ಪೆಂಡಾಲು ಹಾಕು ಎಂಬುವುಗಳ ಪಕ್ಕದಲ್ಲಿ ಅದು ಸಲೀಸಾಗಿ ಹೊಂದಿಕೊಂಡಿತು.

‘ಸೆಟ್ ಆಗು’ ಎಂಬುದು ನಂತರ ತನ್ನದೇ ದಾರಿ ಹಿಡಿಯಿತು. “ಆ ಬಣ್ಣ ನಿನಗೆ ಸೆಟ್ ಆಗಲ್ಲ”, “ನನಗೂ ಆ ಊರಿಗೂ ಸೆಟ್ ಆಗ್ಲಿಲ್ಲ” ಎಂಬ ಮಾತುಗಳನ್ನು ಇಂಗ್ಲಿಷಿಗೆ ಪದಶಃ ಮರಳಿಸಿದರೆ ಲಂಡನ್ನಿನವನಿಗೆ ಅರ್ಥವಾಗುವುದಿಲ್ಲ. ಒಗ್ಗು, ಹೊಂದು, ಸರಿಹೋಗು ಎಂಬ ಕನ್ನಡದ ಅರ್ಥಗಳನ್ನು ಈ ಎರವಲು ಪದ ತನ್ನೊಳಗೆ ಸೇರಿಸಿಕೊಂಡಿದೆ. ಹಿಂದಿಯಲ್ಲಿ, ತಮಿಳಿನಲ್ಲಿ ಕೂಡ ಇದು ಹೀಗೆಯೇ ಬೆಳೆದಿರುವುದರಿಂದ ಕನ್ನಡದ್ದೇ ಆವಿಷ್ಕಾರ ಎನ್ನಲಾಗದು, ಭಾರತೀಯ ಆವಿಷ್ಕಾರ ಎನ್ನಬೇಕು. ಹಿಂದೆ ಮದುವೆ ಕುದುರುತ್ತಿತ್ತು, ಗೊತ್ತಾಗುತ್ತಿತ್ತು. ಈಗ ಸೆಟ್ ಆಗುತ್ತದೆ. ‘ಕುದುರು’ ಎಂಬ ಸೊಗಸಾದ ಪದ ಬಳಕೆಯಿಂದ ಸರಿಯುತ್ತಿರುವುದಕ್ಕೆ ನನಗೆ ಬೇಸರವಿದೆ, ಆದರೆ ಬೇಸರ ಪುರಾವೆಯಲ್ಲ. ‘ಸೆಟ್ಟಿಂಗ್’ ಎಂದರೆ ಒಳ ಒಪ್ಪಂದ ಎಂದೂ, ‘ಸೆಟಪ್’ ಎಂದರೆ ಗುಟ್ಟಿನ ಸಂಸಾರ ಎಂದೂ ಆಡುಮಾತಿನಲ್ಲಿ ಬಂದಿರುವ ಅರ್ಥಗಳು ನಮ್ಮ ನಿಘಂಟುಗಳಲ್ಲಿ ಜಾಗಕ್ಕೆ ಕಾಯುತ್ತಿವೆ.

ಮಾಡುವ ಸೆಟ್, ಆಗುವ ಸೆಟ್, ನಮ್ಮ ಹಳೆಯ ಕಟ್ಟು ಈ ಮೂರೂ ಒಟ್ಟಿಗೆ ಬರುವ ಜಾಗ ಮನೆ ಕಟ್ಟುವ ಸ್ಥಳ. ಭಾರತೀಯ ಮಾನಕದ ಪ್ರಕಾರ ಸಾಧಾರಣ ಪೋರ್ಟ್‌ಲ್ಯಾಂಡ್ ಸಿಮೆಂಟ್ 30 ನಿಮಿಷಕ್ಕಿಂತ ಮೊದಲು ಸೆಟ್ ಆಗತೊಡಗಬಾರದು, 600 ನಿಮಿಷದೊಳಗೆ ಪೂರ್ತಿ ಸೆಟ್ ಆಗಬೇಕು. ಎಂಜಿನಿಯರ್‌ಗಳು ಸೆಟ್ ಆಗುವುದನ್ನೂ ಗಟ್ಟಿಯಾಗುವುದನ್ನೂ ಬೇರೆ ಬೇರೆಯಾಗಿ ಎಣಿಸುತ್ತಾರೆ. ಮೊದಲನೆಯದು ಗಂಟೆಗಳ ಕೆಲಸ, ಎರಡನೆಯದು ವಾರಗಳದು. ನಮ್ಮ ಮೇಸ್ತ್ರಿಗೆ ಆ ಪಾರಿಭಾಷಿಕ ಭೇದ ಪುಸ್ತಕದಿಂದ ಬಂದದ್ದಲ್ಲ. ಸೂರಿಗೆ ಕಾಂಕ್ರೀಟ್ ಸುರಿದ ಸಂಜೆ ಅವನು ಮನೆಯೊಡೆಯನಿಗೆ ಹೇಳುವ ಮಾತು ಸಾಮಾನ್ಯವಾಗಿ ಹೀಗಿರುತ್ತದೆ: “ಲೆವೆಲ್ ಎಲ್ಲ ಸೆಟ್ ಮಾಡಿದೀನಿ ಸಾರ್, ರಾತ್ರಿ ಸೆಟ್ ಆಗ್ಲಿ, ಬೆಳಿಗ್ಗೆ ಬಂದು ನೀರು ಕಟ್ತೀನಿ.”